ಕಳಚಿ ಎಸೆದದ್ದೆಲ್ಲ ಬರುತ್ತಿದೆ

ಮಾದಿಹಳ್ಳಿ
ಬುಧವಾರ, ನವೆಂಬರ್ 12, 2025

ಬಸವಕುಮಾರನಿಗೆ,

‘ಪ್ರೀತಿಯ’ ಎಂದು ಬರೆದಿದ್ದೆ, ಹೊಡೆದುಹಾಕಿದೆ. ಕೈಗೆ ಹಳೆಯ ಅಭ್ಯಾಸ.

ನೀನು ಕೊಟ್ಟ ಮಾತೇನು, ಆಮೇಲೆ ಇಲ್ಲ ಎಂದದ್ದೇನು, ಮೊದಲು ಅದನ್ನೇ ಬರೆದುಬಿಡುತ್ತೇನೆ. ಜೀಪಿನ ಬಾಗಿಲ ಮೇಲೆ ಇಬ್ಬರ ಹೆಸರೂ ಇರುತ್ತದೆ ಎಂದು ನೀನು ಹೇಳಿದ್ದೆ, ನಿನ್ನದೊಂದನ್ನೇ ಬರೆಸಿದೆ. ಒಂದು ರೇಸಿಗೆ ನೀನು ಸ್ಟೇರಿಂಗ್ ಹಿಡಿದರೆ ಮುಂದಿನದಕ್ಕೆ ನಾನು ಎಂದಿದ್ದೆ. ನನ್ನ ಸರದಿ ಬಂದಾಗ ‘ಹುಡ್ಗಿ ಓಡಿಸಿದ್ರೆ ಸ್ಪಾನ್ಸರ್ ಸಿಗಲ್ಲ ಕಣೇ’ ಎಂದೆ. ಗೆದ್ದ ದಿನ ಗಾಡಿ ಮೊದಲು ನಮ್ಮ ಕೇರಿಗೆ ಬರುತ್ತದೆ ಎಂದಿದ್ದೆ. ಗೆದ್ದು ಬೇಲೂರಿನ ಕಡೆಯಿಂದ ಬರುವಾಗ ಮಾದಿಹಳ್ಳಿಯ ತಿರುವಿನಲ್ಲಿ ನಮ್ಮವರು ಪಟಾಕಿ ಸರ ಹಾಸಿಕೊಂಡು ನಿಂತಿದ್ದರು. ನೀನು ಹಾರ್ನ್ ಹೊಡೆದುಕೊಂಡು ನೇರ ಅರಸೀಕೆರೆಗೆ ಬಿಟ್ಟೆ. ಪಕ್ಕದ ಸೀಟಿನಲ್ಲಿ ನಾನಿದ್ದೆ. ನಮ್ಮ ಜನ ಎತ್ತಿದ ಕೈ ಇಳಿಸುವುದನ್ನು ಕನ್ನಡಿಯಲ್ಲಿ ನೋಡಿದವಳು ನಾನು.

ಆ ಜೀಪು ನಮ್ಮ ಕೈಗೆ ಬಂದಾಗ ಹೇಗಿತ್ತು, ನೆನಪಿದೆಯಾ? ಸೈನ್ಯದವರು ಹರಾಜಿಗೆ ಬಿಟ್ಟ ಮುದಿ ಗಾಡಿ. ನೆಲದ ತಗಡು ತುಕ್ಕು ಹಿಡಿದು, ಕಾಲಿಟ್ಟರೆ ರಸ್ತೆ ಕಾಣುತ್ತಿತ್ತು. ಅರಸೀಕೆರೆಯಲ್ಲಿ ನಿಮ್ಮ ಕೊಬ್ಬರಿ ಮಂಡಿಯ ಹಿಂದೆ, ತೆಂಗಿನ ಗರಿಯ ಚಪ್ಪರದ ಕೆಳಗೆ ಅದನ್ನು ಬಚ್ಚಿಟ್ಟೆ. ಆರ್‌ಸಿ ಯಾರ ಹೆಸರಿಗೆ ಎಂಬ ಮಾತು ಬಂದಾಗ ನಿನ್ನ ಮುಖ ಸಣ್ಣಗಾಯಿತು. ‘ನಿನ್ ಹೆಸ್ರಲ್ಲೇ ಇರ್ಲಿ ಕಣೇ, ನಮ್ಮಪ್ಪಂಗೆ ಗೊತ್ತಾದ್ರೆ ಮಂಡಿಯಿಂದಾನೇ ಆಚೆ ಹಾಕ್ತಾರೆ’ ಎಂದೆ. ಅಪ್ಪನಿಗೆ ಹೆದರುವಾಗ ನನ್ನ ಹೆಸರು ಬೇಕಿತ್ತು. ಗೆದ್ದು ಬಾಗಿಲಿಗೆ ಬಣ್ಣ ಹೊಡೆಸುವಾಗ ಅದು ನಾರಿತು.

ಬೇಲೂರಿನ ಐಟಿಐನಲ್ಲಿ ಮೋಟಾರು ಪಾಠ ಹೇಳುವವಳು ನಾನು. ಗೇರ್‌ಬಾಕ್ಸ್ ಬಿಚ್ಚುವಾಗ ನೀನು ಬೋಲ್ಟುಗಳ ತಟ್ಟೆ ಹಿಡಿದು, ದೇವಸ್ಥಾನದಲ್ಲಿ ಮಂಗಳಾರತಿಗೆ ಕಾದವನ ಹಾಗೆ ನಿಂತಿರುತ್ತಿದ್ದೆ. ಆದರೂ ಗೆದ್ದ ಮೇಲೆ ಗಾಡಿಗೆ ಪೂಜೆ ಮಾಡಿಸಿದ ದಿನ ನಿಮ್ಮ ಅಂಗಳದಲ್ಲಿ, ನಿಮ್ಮ ಕ್ಲಬ್ಬಿನವರ ಎದುರು ನನ್ನನ್ನು ತೋರಿಸಿ ಹೇಳಿದ್ದೇನು? ‘ಇವ್ಳು ಇಂದು ಅಂತ. ಗಾಡಿ ತೊಳೆಯೋದು, ಗ್ರೀಸ್ ಹಾಕೋದು ಎಲ್ಲಾ ಇವ್ಳೇ.’ ಅವರಲ್ಲೊಬ್ಬ ‘ಪರ್ವಾಗಿಲ್ವೇ, ನಮ್ದೂ ಒಂದ್ ಐತೆ, ಕಳ್ಸ್ಕೊಡು’ ಎಂದ. ನೀನು ನಕ್ಕೆ.

ಅದನ್ನು ನಾನು ನುಂಗಿಕೊಳ್ಳುತ್ತಿದ್ದೆನೇನೋ. ಹಾರದ್ದು ಹೇಗೆ ನುಂಗಲಿ?

ಅವ್ವ ಹಿಂದಿನ ದಿನವೇ ಹಳೇಬೀಡಿಗೆ ಹೋಗಿ ಸೇವಂತಿಗೆ ತಂದು, ಬಾನೆಟ್ಟಿನ ಅಳತೆಗೆ ತಾನೇ ಕಟ್ಟಿದ ಹಾರ. ಹೊಸ ಸೀರೆ ಉಟ್ಟು ನನ್ನ ಜೊತೆ ಬಂದಳು. ನಿನ್ನ ತಾಯಿ ಶಿವಗಂಗಮ್ಮನವರು ಗೇಟಿನಲ್ಲೇ ಎದುರಾಗಿ ‘ಅಲ್ಲೇ ಕಾಂಪೌಂಡ್ ಮೇಲೆ ಇಡವ್ವ, ನಾವು ಹಾಕ್ಕಂತೀವಿ’ ಎಂದರು. ಅವ್ವ ಇಟ್ಟಳು. ಒಂದು ಹೂವಿನ ಹಾರವನ್ನು ಕೈಯಿಂದ ಕೈಗೆ ತೆಗೆದುಕೊಳ್ಳಲಿಲ್ಲ, ಬಸವಕುಮಾರ. ನೀನು ನೋಡಿದೆ. ನೋಡಿಯೂ, ಆಗಲೇ ಹೊಳೆಯುತ್ತಿದ್ದ ಬಾನೆಟ್ಟನ್ನು ಇನ್ನೊಮ್ಮೆ ಒರೆಸಲು ಬಗ್ಗಿದೆ.

ಪೂಜೆ ಮುಗಿಯಿತು. ಚಕ್ರದಡಿಯ ನಿಂಬೆಹಣ್ಣು ಒಡೆಯಿತು. ಒಳಗೆ ಹೋಳಿಗೆಯ ಪಂಕ್ತಿ ಎದ್ದಿತು, ನಮಗೆ ಹೊರಗೆ ಕಾಗದದ ತಟ್ಟೆ ಬಂತು. ಹಾರ ಮಾತ್ರ ಕಾಂಪೌಂಡಿನ ಮೇಲೆ ಬಿಸಿಲಿಗೆ ಬಾಡುತ್ತ ಬಿದ್ದಿತ್ತು. ಜಾವಗಲ್ ಬಸ್ಸಿನಲ್ಲಿ ನೋಡುತ್ತೇನೆ, ಅದು ಅವ್ವನ ಮಡಿಲಲ್ಲಿದೆ. ‘ಎತ್ಕಂಡ್ ಬಂದೆ ಕಣವ್ವ, ಅವ್ರ ಮನೆ ಎಮ್ಮೆ ಯಾಕ್ ತಿನ್ಬೇಕು’ ಎಂದಳು. ಬಸ್ಸಿನಲ್ಲಿ ಅತ್ತವಳು ನಾನು. ಅವಳು ಅಳಲಿಲ್ಲ.

ಅವತ್ತಿನಿಂದ ನಾನು ನಿನ್ನ ಶೆಡ್ಡಿಗೆ ಬರಲಿಲ್ಲ. ಇಂದು ಮುನಿಸಿಕೊಂಡಿದ್ದಾಳೆ, ತಾನೇ ಬರುತ್ತಾಳೆ ಎಂದು ನೀನು ಎಲ್ಲರಿಗೂ ಹೇಳಿಕೊಂಡು ತಿರುಗಿದೆಯಂತೆ. ಬರುತ್ತಿದ್ದೇನೆ. ಹೇಗೆ ಬರುತ್ತಿದ್ದೇನೆ ಎಂದು ಕೇಳು.

ನಿನಗೊಂದು ಚಟ. ಹೊಸದು ಸಿಕ್ಕ ಕೂಡಲೇ ಹಳೆಯದರ ಮುಖ ನೋಡಲಾಗುತ್ತಿರಲಿಲ್ಲ. ಡಿಸ್ಕ್ ಬ್ರೇಕ್ ಬಂತು, ಹಳೆಯ ಡ್ರಮ್ಮುಗಳನ್ನು ಎಸೆದೆ. ಪವರ್ ಸ್ಟೇರಿಂಗ್ ಬಂತು, ಹಳೆಯ ಸ್ಟೇರಿಂಗ್ ಬಾಕ್ಸನ್ನು ಎಸೆದೆ. ಗಾಡಿ ಎತ್ತರವಾಗಬೇಕೆಂದು ಹೊಸ ಸ್ಪ್ರಿಂಗ್ ಹಾಕಿಸಿ, ಎಷ್ಟೋ ಬೆಟ್ಟ ಹತ್ತಿ ಬಂದಿದ್ದ ಸೈನ್ಯದ ಕಾಲದ ಸ್ಪ್ರಿಂಗ್ ಪಟ್ಟಿಗಳನ್ನು ಕಾಲಿನಿಂದ ಒದ್ದು ಪಕ್ಕಕ್ಕೆ ತಳ್ಳಿದೆ. ‘ಗುಜರಿಗೆ ಹಾಕೇ’ ಎನ್ನುತ್ತಿದ್ದೆ. ನಾನು ಮನೆಗೆ ತರುತ್ತಿದ್ದೆ. ನಾನು ಬಿಟ್ಟ ಮೇಲಂತೂ ನಿನಗೆ ತಡೆಯುವವರೇ ಇಲ್ಲ. ಎಂಜಿನ್ ಬದಲಾಯಿಸಿದೆ, ಮುಂದಿನ ಆಕ್ಸಲ್ ಬದಲಾಯಿಸಿದೆ. ಅರಸೀಕೆರೆಯ ಗುಜರಿ ಹೊನ್ನಯ್ಯ ಪ್ರತಿಸಲ ಫೋನು ಮಾಡುತ್ತಿದ್ದ: ‘ಇಂದವ್ವ, ಸಾವ್ಕಾರ್ರ ಮಗ ಇನ್ನೊಂದೇನೋ ಎಸ್ದವ್ನೆ, ಬಾ ಬಿರ್ನೆ.’ ಅಪ್ಪ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರುತ್ತಿದ್ದ.

ನೀನು ಕಳಚಿ ಎಸೆದದ್ದೆಲ್ಲ ಈಗ ನಮ್ಮ ಕೇರಿಯ ಬೇವಿನ ಮರದ ಕೆಳಗೆ ಒಂದಾಗಿ ನಿಂತಿದೆ. ಕಡಿಮೆ ಬಿದ್ದ ಹಿಂದಿನ ಆಕ್ಸಲ್, ಬಾಗಿಲುಗಳನ್ನು ಹೊನ್ನಯ್ಯನ ಗುಜರಿಯಲ್ಲೇ ಹುಡುಕಿ ಸೇರಿಸಿದೆ. ಡ್ರಮ್ಮುಗಳ ಒಳಮೈ ಉಜ್ಜಿಸಿದೆ. ಸ್ಪ್ರಿಂಗ್ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ, ತುಕ್ಕು ಕೆರೆದು, ನಡುವೆ ಗ್ರೀಸ್ ಸವರಿ ಮತ್ತೆ ಕಟ್ಟಿದೆ. ಎಂಜಿನ್ನಿನ ಪಿಸ್ಟನ್ ರಿಂಗ್ ಸವೆದಿತ್ತು ಅಷ್ಟೇ, ಪುಣ್ಯಾತ್ಮ. ಅದಕ್ಕೆ ಇಡೀ ಎಂಜಿನ್ನನ್ನೇ ಎಸೆದಿದ್ದೆ. ಮೊದಲ ಸಲ ಚಾಲೂ ಮಾಡಿದಾಗ ಕಪ್ಪು ಹೊಗೆ ಕಾರಿತು. ‘ಇದೇನೇ, ನಿಮ್ಮಪ್ಪ ಬೀಡಿ ಸೇದಿ ಕೆಮ್ಮಿದಂಗೆ ಕೆಮ್ತದೆ’ ಎಂದು ಅವ್ವ ಸೆರಗು ಮುಚ್ಚಿಕೊಂಡು ನಕ್ಕಳು. ಈಗ ಕೆಮ್ಮುವುದಿಲ್ಲ. ನೀಲಿ ಬಣ್ಣ ಹೊಡೆದಿದ್ದೇವೆ. ಬಾಗಿಲ ಮೇಲೆ ದೊಡ್ಡದಾಗಿ ಬರೆಸಿದ್ದೇವೆ: ಇಂದು ಕರಿಯಯ್ಯ.

ಈ ಭಾನುವಾರ ಜಾವಗಲ್ ಕಲ್ಲುಗಣಿಯ ಬಯಲಿನಲ್ಲಿ ನಿಮ್ಮ ಕ್ಲಬ್ಬಿನ ರೇಸು. ಹೋದ ಸಲ ಗೆದ್ದವನು ನೀನು. ನಾನೂ ಹೆಸರು ಕೊಟ್ಟಿದ್ದೇನೆ.

ಸೋತ ಮೇಲೆ ನೀನು ಹೇಳುವ ನೆಪಗಳೆಲ್ಲ ನನಗೆ ಗೊತ್ತು. ಅವೊಂದೂ ನಿನಗೆ ಉಳಿಯಬಾರದು, ಅದಕ್ಕೇ ಹೇಳುತ್ತೇನೆ, ಕೇಳಿಸಿಕೊ. ಹಿಂದಿನ ಆಕ್ಸಲ್ಲಿನ ಬಿರಡೆ ಬಿಚ್ಚಿ ಎಣ್ಣೆ ನೋಡು. ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ. ಪೂರ್ತಿ ಬಸಿದು ಹೊಸ ಎಣ್ಣೆ ತುಂಬು. ಆಕ್ಸಲ್ ಉಸಿರಾಡುವ ಸಣ್ಣ ಕೊಳವೆ ಇದೆಯಲ್ಲ, ಅದಕ್ಕೆ ರಬ್ಬರ್ ಪೈಪು ಹಾಕಿ ಸೀಟಿನ ಎತ್ತರಕ್ಕೆ ಕಟ್ಟು, ಇಲ್ಲದಿದ್ದರೆ ಗಣಿಯ ಹೊಂಡದಲ್ಲಿ ಮತ್ತೆ ನೀರು ಕುಡಿಯುತ್ತದೆ. ಚಕ್ರದ ಬೇರಿಂಗ್ ತೊಳೆದು ಗ್ರೀಸ್ ತುಂಬು. ಮೊದಲೆಲ್ಲ ಅದನ್ನು ಮಾಡುತ್ತಿದ್ದವಳು ನಾನು, ಈಗ ಯಾರು ಮಾಡುತ್ತಿದ್ದಾರೋ. ರೇಡಿಯೇಟರಿನ ಕೆಸರನ್ನು ಎಂಜಿನ್ ಕಡೆಯಿಂದ ಹೊರಕ್ಕೆ ತೊಳೆ. ಬಂಡೆ ಹತ್ತುವ ಮೊದಲು ಟೈರಿನ ಗಾಳಿ ಇಳಿಸು, ಗಟ್ಟಿ ಟೈರು ಕಲ್ಲಿನ ಮೇಲೆ ಜಾರುತ್ತದೆ ಎಂಬುದು ನಿನ್ನ ತಲೆಗೆ ಯಾವತ್ತೂ ಹೋಗಲಿಲ್ಲ.

ಎಲ್ಲ ಸರಿಮಾಡಿಕೊಂಡು ಬಾ. ಕೆಟ್ಟು ನಿಂತ ಗಾಡಿಯನ್ನು ಸೋಲಿಸಿದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ನಿನ್ನ ಗಾಡಿ ಸರಿಯಿರಬೇಕು, ನಿನ್ನ ಮೈಕೈ ಸರಿಯಿರಬೇಕು, ನಿನ್ನ ಮನೆಯವರು, ನಿನ್ನ ಕ್ಲಬ್ಬಿನವರು ಎಲ್ಲರೂ ಬಂದು ನೋಡುತ್ತಿರಬೇಕು. ನೀನು ಒದ್ದು ತಳ್ಳಿದ ಪಟ್ಟಿಗಳ ಮೇಲೆ ಕೂತು ನಾನು ನಿನ್ನನ್ನು ದಾಟಬೇಕು.

ನಿನ್ನ ಗಾಡಿ ತೊಳೆಯುತ್ತಿದ್ದವಳು,
ಇಂದು

ತಾ. ಕ.: ಒಂದು ಮಾತು ಬೇಕೆಂದೇ ಬಿಟ್ಟಿದ್ದೆ. ಹೊನ್ನಯ್ಯ ಕೊನೆಯ ಸಲ ಕರೆದು ಕೊಟ್ಟದ್ದು ಜೀಪಿನ ಚಾಸಿ, ಇಡೀ ಗಾಡಿಯನ್ನು ಹೊರುವ ಬೆನ್ನೆಲುಬು. ಸ್ಟೇರಿಂಗ್ ಬಾಕ್ಸಿನ ಹತ್ತಿರ ಬಿರುಕು ಬಿಟ್ಟಿದೆ ಎಂದು ನನಗೆ ಹೇಳಿ ಹೇಳಿ ಸಾಕಾಗಿತ್ತಲ್ಲ, ಅದೇ. ನೀನು ಹೊಸ ಚಾಸಿ ತರಿಸಿ, ಹಳೆಯದನ್ನು ಒಡೆದ ಮಡಕೆಯ ಹಾಗೆ ಎಸೆದೆ. ಬಿರುಕು ಮುಂದೆ ಓಡದಂತೆ ಅದರ ತುದಿಗೆ ತೂತು ಕೊರೆದು, ಮೇಲೆ ಕಬ್ಬಿಣದ ಪಟ್ಟಿ ಕೂರಿಸಿ ನಾನೇ ವೆಲ್ಡ್ ಮಾಡಿದೆ. ಗಾಡಿಯ ಅಸಲಿ ನಂಬರು ಕೆತ್ತಿರುವುದು ಚಾಸಿಯ ಮೇಲೆ, ಬಸವಕುಮಾರ. ಅದು ನಮ್ಮ ಬೇವಿನ ಮರದ ಕೆಳಗಿದೆ. ಆರ್‌ಸಿ ಮೊದಲಿನಿಂದಲೂ ನನ್ನ ಹೆಸರಲ್ಲೇ ಇದೆ. ನೀನು ಓಡಿಸುತ್ತಿರುವುದು ಹೇಳಹೆಸರಿಲ್ಲದ ಗಾಡಿ, ನನ್ನ ನಂಬರ್ ಪ್ಲೇಟ್ ಹೊತ್ತುಕೊಂಡು.

ರೇಸಿನ ತಪಾಸಣೆಯವರಿಗೆ ಎಲ್ಲವನ್ನೂ ತೋರಿಸಿದೆ. ನಿನ್ನನ್ನು ಹೊರಗಿಡಿ ಎಂದು ನಾನು ಹೇಳಿದ್ದರೆ ಇಡುತ್ತಿದ್ದರು. ಗೇಟಿನಲ್ಲಿ ತಡೆಯುವುದು ನಿಮ್ಮ ಮನೆಯ ಪದ್ಧತಿ. ನಾನು ಒಳಗೆ ಬಿಡಿ ಎಂದೆ. ಅವರದು ಒಂದೇ ಷರತ್ತು: ಪ್ಲೇಟನ್ನು ಬಿಚ್ಚಿ ಮಾಲೀಕರಿಗೆ ಒಪ್ಪಿಸಿದರೆ ಬಯಲಿನೊಳಗೆ ಓಡಿಸಬಹುದು, ರಸ್ತೆಗೆ ಇಳಿಸುವಂತಿಲ್ಲ. ವಾಪಸ್ ಹೋಗಲು ಲಾರಿ ಹೇಳಿಕೊ.

ಮಾಲೀಕರ ಪರವಾಗಿ ನಮ್ಮವ್ವ ಚಲುವಮ್ಮ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ. ರೇಸಿನಲ್ಲಿ ನನ್ನ ಪಕ್ಕದ ಸೀಟೂ ಅವಳದೇ. ಸ್ಪ್ಯಾನರ್ ನೀನೇ ತಾ, ಬೋಲ್ಟು ನೀನೇ ಬಿಚ್ಚು. ಪ್ಲೇಟನ್ನು ಕಾಂಪೌಂಡಿನ ಮೇಲೆ ಇಡಬೇಡ, ನೆಲದ ಮೇಲೆ ಇಡಬೇಡ. ಎಲ್ಲರೆದುರು ಅವ್ವನ ಕೈಗೆ ಕೊಡು.

ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ.