ಸುಮ್ಮನಿರದ ತಲೆಯ ಫೋಟೋ

ಮನೆ ಯಜಮಾನಿಗೆ,

ನಾನೂ ಅಳಿಯನೂ ಆರಾಮಾಗಿದ್ದೇವೆ. ಗಿರಾಕಿಗಳ ಹೆಸರು ಮರೆಯುತ್ತಿದೆ ಎಂದರೆ ಡಾಕ್ಟರಮ್ಮ ಪಾತ್ರೆ ಅಂಗಡಿಯನ್ನೇ ಬಿಡಿಸಿಬಿಡುತ್ತಾರೋ ಎಂಬ ಅಳುಕು ದಾರಿಯುದ್ದಕ್ಕೂ ಇತ್ತು. ಇಂದು ಆಸ್ಪತ್ರೆಯಲ್ಲಿ ಕೊಳವೆಯಂಥ ಯಂತ್ರದೊಳಗೆ ಮಲಗಿಸಿ, "ಏನೂ ಯೋಚಿಸಬೇಡಿ" ಅಂದರು. ವ್ಯಾಪಾರಿಗೆ ಹೇಳುವ ಮಾತೇ ಅದು? ಆ ಯಂತ್ರ ಗುಜರಿಯಲ್ಲಿ ಎಷ್ಟು ತೂಗೀತೆಂದು ಮಲಗಿದಲ್ಲೇ ಅಂದಾಜು ಹಾಕಿದೆ.

ಆಮೇಲೆ ಪರದೆಯ ಮೇಲೆ ನನ್ನ ಮಿದುಳನ್ನೇ ತೋರಿಸಿದರು. ನೆನಪಿನ ಜಾಗದ ಸಂಪರ್ಕ ಸ್ವಲ್ಪ ಸೊರಗಿದೆಯಂತೆ; ಹಣೆಯ ಕಡೆಯ ಭಾಗ ಅದರ ಕೆಲಸವನ್ನೂ ಹೊತ್ತುಕೊಂಡು ಕೆಂಪಗೆ ಹೊಳೆಯುತ್ತಿತ್ತು.

"ಅಂದ್ರೆ ಒಬ್ಬ ಮೈಗಳ್ಳ, ಪಕ್ಕದವನು ಎರಡು ಪಾಳಿ ದುಡೀತಿದಾನೆ ಅನ್ನಿ," ಅಂದೆ.

"ಹೌದು ಯಜಮಾನ್ರೇ, ಆದ್ರೆ ಅವನಿಗೂ ಸುಸ್ತಾಗುತ್ತೆ. ಅಂಗಡಿ ಬಿಡ್ಬೇಡಿ, ಜೊತೆಗೆ ಯಾರನ್ನಾದ್ರೂ ಕೂರಿಸ್ಕೊಳ್ಳಿ," ಎಂದು ಡಾಕ್ಟರಮ್ಮ ನಕ್ಕರು.

ಬಿ.ಪಿ. ಸರಿಯಿದೆ, ಊಟ ಸೇರುತ್ತಿದೆ. ಗಲ್ಲಾದಲ್ಲಿ ಕೂರುತ್ತೇನೆಂದು ಮಗಳು ವರ್ಷಗಟ್ಟಲೆ ಕೇಳುತ್ತಿದ್ದಳಲ್ಲ, ಈ ಕಾರ್ಡು ತಲುಪಿದ ದಿನವೇ ಕೂರಲಿ. ಬಂದವರನ್ನು ಹೆಸರು ಹಿಡಿದು ಮಾತಾಡಿಸುವುದು ಅವಳ ಪಾಲಿಗೆ, ಚೌಕಾಸಿಗೆ ನಾನಿದ್ದೇನೆ. ಡಬ್ಬಿ ತೆರೆಯಲು ಅಂಚೆಯವನು ಬಂದ, ಮುಗಿಸಬೇಕು. ನಾನಾಗಿ ಬಿಟ್ಟುಕೊಟ್ಟೆ ಎಂದು ಮಾತ್ರ ಅವಳಿಗೆ ಹೇಳಬೇಡ; ಡಾಕ್ಟರಮ್ಮನ ಅಪ್ಪಣೆ ಅನ್ನು.

ನಿನ್ನ ಯಜಮಾನ