ರಾಸ್ಬೆರಿಗೆ ಚಾಟ್ನಿ ಬ್ಯಾಡ್ರಿ

ಶಿವಗಂಗಾನ ಅಪ್ಪಾರ,

ಅಕ್ಕೋಳ ಊರಿಗೆ ಹೊಂಟೀನಿ. ತಂಗಿ ತಾರವ್ವ ತೀರಿಕೊಂಡು ನಾಳೆಗೆ ಹನ್ನೊಂದ ದಿವಸ, ಎಡಿ ಇಡಬೇಕು. ರೊಟ್ಟಿ ಬುಟ್ಟ್ಯಾಗ ಅದಾವು. ಎಮ್ಮಿ ನೀವ ಹಿಂಡ್ಕೋರಿ.

ಹಿತ್ತಲದಾಗಿನ ರಾಸ್ಬೆರಿ ಹಣ್ಣಿನ ಗಿಡಕ್ಕ ಸಂಜಿಕ ಒಂದ ಕೊಡ ನೀರ ಹಾಕ್ರಿ. ಮಹಾಬಳೇಶ್ವರದಿಂದ ಅದನ್ನ ತಂದುಕೊಟ್ಟಾಗ, ಹ್ವಾದ ವರ್ಷದ ಕಡ್ಡಿಗೇ ಹಣ್ಣ ಹಿಡೀತಾವು ಅಂತ ಅಕೀ ನಿಮ್ಮ ಮುಂದನ ಹೇಳಿದ್ಳು. ನೀವು ಮೂರು ವರ್ಷನೂ ದ್ರಾಕ್ಷಿ ಬಳ್ಳಿ ಸವರಿ ಚಾಟ್ನಿ ಮಾಡಿದಂಗ ಕಡ್ಡಿ ಎಲ್ಲಾ ಕತ್ತರಿಸಿ ಮೋಟ ಮಾಡಿದ್ರಿ. ಬಂದಾಗೊಮ್ಮೆ "ಅಕ್ಕಾ, ಹಣ್ಣ ಬಂತೇನ" ಅಂತ ಕೇಳ್ತಿದ್ಳು. ಮುಂದಿನ ವರ್ಷ ಅಂತಿದ್ದೆ.

ಎಡ್ಯಾಗ ಇಡಾಕ ಒಂದ ಹಣ್ಣಿಲ್ಲ. ಇನ್ನ ಬಂದ್ರೂ ಕೇಳಾವರಿಲ್ಲ.

ಚಾಟ್ನಿ ಕತ್ತರಿ ನನ್ನ ಚೀಲದಾಗ ಒಯ್ದೀನಿ. ಹುಡುಕಬ್ಯಾಡ್ರಿ.