ಸದ್ದಿಲ್ಲದೆ ತಿರುಗಿದ ಮೋಟಾರು

ಕಸಬಾ ಪೇಠ, ಪುಣೆ
ನವೆಂಬರ್ ೧೯೪೨

ನಿಮಗೆ ಗೋದಾ ಮಾಡುವ ನಮಸ್ಕಾರ.

ಚಳವಳಿಗೆಂದು ನೀವು ಭೂಗತರಾದ ಮೇಲೆ ಪೊಲೀಸರು ಮನೆಗೆ ಬರುವುದು ಹೊಸದಲ್ಲ. ಆದರೆ ಇಂದು ಬೆಳಿಗ್ಗೆ ಬಂದ ಫೌಜದಾರ ಬೆಳಗಾವಿ ಕಡೆಯವನು, ಚುರುಕು ಕಣ್ಣಿನವನು. ನಿಮ್ಮ ಮೇಜಿನ ಮೇಲಿದ್ದ ಫ್ಯಾನಿನ ಮೋಟಾರನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಎಣ್ಣಿ ಹೊಸಾದು ಅದ. ನಿಮ್ಮ ಗಂಡ ಮನಿಗೆ ಬಂದು ಹೋಗ್ತಾನ, ಹೌದಲ್ರಿ?"

"ಇಲ್ರಿ. ನಾನೇ ಹಾಕೇನ್ರಿ."

ಅವನು ನಂಬಲಿಲ್ಲ. "ಹಂಗಾರ ಬಿಚ್ಚಿ, ಮತ್ತ ಕೂಡಿಸಿ ತೋರಸ್ರಿ."

ಬಿಚ್ಚಿದೆ. ಒಂದು ಸ್ಕ್ರೂ ನೆಲಕ್ಕೆ ಬಿತ್ತು, ಹೆಕ್ಕಿಕೊಂಡೆ. ತಿರುಗುವ ಅಕ್ಷ ಹಿತ್ತಾಳೆಯ ಬೇರಿಂಗಿಗೆ ಉಜ್ಜಿ ಬಿಸಿಯಾಗುತ್ತದೆ ಎಂದು ನೀವು ಬೇಸತ್ತು ಬಿಟ್ಟುಹೋಗಿದ್ದಿರಲ್ಲ, ಆ ಬೇರಿಂಗಿನೊಳಗೆ ಎಣ್ಣೆ ಹರಿಯುವ ಗೀರನ್ನು ನಾನು ದಿನವೂ ಸ್ವಲ್ಪಸ್ವಲ್ಪ ಅರದಿಂದ ತೀಡಿದ್ದೆ. ಈಗ ಅಕ್ಷ ಹಿತ್ತಾಳೆಯನ್ನು ಮುಟ್ಟುವುದಿಲ್ಲ, ಎಣ್ಣೆಯ ಪದರದ ಮೇಲೆ ತೇಲುತ್ತದೆ. ಇದನ್ನು ಮೊದಲು ನಿಮಗೆ ಹೇಳಬೇಕೆಂದಿದ್ದೆ, ಅವನಿಗೆ ಹೇಳಬೇಕಾಯಿತು. ಸ್ವಿಚ್ ಒತ್ತಿದೆ. ಮೋಟಾರು ಸದ್ದಿಲ್ಲದೆ ತಿರುಗಿತು.

ಅವನು ಕಿವಿಯಿಟ್ಟು ಕೇಳಿದ. "ಭಾಳ ಛಲೋ ಕಲಿಸ್ಯಾನ," ಎಂದು ಹೊರಟುಹೋದ.

ಆದರೆ ಎದುರಿನ ಕಟ್ಟೆಯ ಮೇಲೆ ಇಬ್ಬರು ಅಪರಿಚಿತರು ಆಗಿನಿಂದ ಕೂತಿದ್ದಾರೆ. ಧೋತರ ಉಟ್ಟಿದ್ದಾರೆ, ಕಾಲಲ್ಲಿ ಮಾತ್ರ ಪೊಲೀಸರ ಚಪ್ಪಲಿ. ಅತ್ತೆಗೆ ಹೇಳಿಲ್ಲ. ನಾಳೆ ಮಾವನವರ ಶ್ರಾದ್ಧ. ಅತ್ತೆ ವಡೆಗೆ ಉದ್ದು ನೆನೆಹಾಕುತ್ತ, "ಮಗಾ ಬರ್ತಾನ," ಎಂದು ಒಂದು ಹಿಡಿ ಹೆಚ್ಚು ಹಾಕಿದರು.

ಏನೇ ಆದರೂ ಅಪ್ಪನ ಶ್ರಾದ್ಧಕ್ಕೆ ಬರುತ್ತೇನೆ ಎಂದು ಮಾತು ಕೊಟ್ಟು ಹೋದವರು ನೀವು. ಬರಬೇಡಿ ಎಂದು ಯಾವ ವಿಳಾಸಕ್ಕೆ ಬರೆಯಲಿ?